ಪಟ್ಟಿಯಲ್ಲಿ ಸಿಗದವರು: ಐದು ತಾಲ್ಲೂಕುಗಳ ಚರಿತ್ರೆ, ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹ ಮತ್ತು ನಮ್ಮ ಜ್ಞಾನಸ್ನಾನದ ಪುಸ್ತಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಟವನು ಆ ತಾಲ್ಲೂಕುಗಳಿಗಿಂತ ಹೊರಗೇ ಹೆಚ್ಚು ಅಲೆಯಬೇಕಾಗುತ್ತದೆ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿಯ ಲೆಕ್ಕಪತ್ರಗಳು ಮದ್ರಾಸಿನ ದಾರಿ ಹಿಡಿದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಜನರೊಂದಿಗೆ ಅವರ ಹಳೆಯ ಕಾಗದಗಳೆಲ್ಲ ಬರಲಿಲ್ಲ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರೊಂದಿಗೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಇದ್ದಲ್ಲೇ ಇದ್ದರೂ ಊರಿನ ಕಡತ ಮಾತ್ರ ಜಿಲ್ಲೆಯಿಂದ ಜಿಲ್ಲೆಗೆ ತಿರುಗುತ್ತಲೇ ಇತ್ತು. ತುಂಗಭದ್ರಾ ಜಲಾಶಯದ ನೀರು ಏರಿದಾಗ ಈ ಭಾಗದಲ್ಲಿ ಕೆಲವು ಊರುಗಳೂ ಇದ್ದಲ್ಲಿ ಉಳಿಯಲಿಲ್ಲ. ಅವುಗಳ ವಿಷಯದಲ್ಲಿ ಕಡತವೇ ಊರಿಗಿಂತ ಹೆಚ್ಚು ಬಾಳಿದೆ.

ಇಂಥ ಸೀಮೆಗೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇತ್ತೀಚಿನ ದಶಕಗಳಲ್ಲಿ ಕಟ್ಟುತ್ತಿರುವ ಡಿಜಿಟಲ್ ಸಂಗ್ರಹಗಳು ದೊಡ್ಡ ಭರವಸೆ. ಹಳೆಯ ಪತ್ರ, ಛಾಯಾಚಿತ್ರ, ನಕಾಶೆ, ಸ್ಥಳೀಯ ಪತ್ರಿಕೆ, ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ವಿವರಣೆ ಬರೆದು, ಎಲ್ಲಿಂದಾದರೂ ನೋಡುವಂತೆ ಇಡುವುದು ಇವುಗಳ ಕ್ರಮ. ಜಗತ್ತಿನ ಹಲವೆಡೆ ಇಂಥ ಸಂಗ್ರಹಕ್ಕೆ ಎರಡು ಕಪಾಟು ಇರುತ್ತವೆ. ಒಂದು ಸುತ್ತಲಿನ ನಾಡಿನ ಚರಿತ್ರೆಯದು. ಇನ್ನೊಂದು ವಿಶ್ವವಿದ್ಯಾಲಯದ ಸ್ವಂತ ಬಾಳಿನದು, ಅಂದರೆ ಘಟಿಕೋತ್ಸವ, ವಿದ್ಯಾರ್ಥಿನಿಲಯ, ಆಟೋಟ, ನಾಟಕ, ಗುಂಪುಚಿತ್ರಗಳದು. ಈ ಎರಡು ಕಪಾಟುಗಳನ್ನು ಒಟ್ಟಿಗೆ ತೆರೆದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆವರಣದ ಚಿತ್ರಗಳ ಕೆಳಗೆ ಹೆಸರುಗಳಿರುತ್ತವೆ: ಎಡದಿಂದ ಬಲಕ್ಕೆ, ಕುಳಿತವರು, ನಿಂತವರು. ನಾಡಿನ ಚಿತ್ರಗಳ ಕೆಳಗೆ ಬಗೆಗಳಿರುತ್ತವೆ: ‘ಬೇಸಾಯಗಾರ’, ‘ನೀರು ತರುವ ಹೆಂಗಸರು’, ‘ಜಾತ್ರೆಯ ಜನ’. ಸಂಸ್ಥೆಗೆ ತನ್ನವರು ಗೊತ್ತು, ಪಕ್ಕದ ಹಳ್ಳಿಯವರು ಗೊತ್ತಿಲ್ಲ. ಯಾರಿಗೆ ಹೆಸರು ದಕ್ಕಿತು, ಯಾರಿಗೆ ಜಾತಿ ಕಸುಬುಗಳಷ್ಟೇ ದಕ್ಕಿದವು ಎಂಬುದು ಗ್ರಂಥಾಲಯಶಾಸ್ತ್ರದ ಪ್ರಶ್ನೆಯಾಗಿರುವಷ್ಟೇ ದೈವಶಾಸ್ತ್ರದ ಪ್ರಶ್ನೆಯೂ ಹೌದೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಬಡವರ ಹೆಸರನ್ನು ಬರೆದಿಡುವ ವಾಡಿಕೆ ಈ ನೆಲಕ್ಕೆ ಹೊಸದಲ್ಲ. ಹೀರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ರಾಜನ ದಾನವನ್ನು ಹೇಳುತ್ತವೆ ನಿಜ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇಗುಲದ ಶಾಸನಗಳಲ್ಲಿಯೂ ಅಧಿಕಾರಿಗಳ ಮಾತೇ ಮುಂದು. ಆದರೆ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ, ಒಂದು ಕಾಲಕ್ಕೆ ‘ಕೋಗಳಿ ಐನೂರು’ ಎಂಬ ನಾಡಿಗೇ ತನ್ನ ಹೆಸರನ್ನು ಕೊಟ್ಟಿದ್ದ ಕೋಗಳಿಯ ಬಸದಿಯಲ್ಲಿ, 13ನೆಯ ಶತಮಾನದ ಹೊಯ್ಸಳ ರಾಮನಾಥನ ಕಾಲದ ಬರಹವು ಬೇರೆ ಬಗೆಯದು. ಚೆನ್ನ ಪಾರ್ಶ್ವನ ನಿತ್ಯಾಭಿಷೇಕಕ್ಕೆ ಹಣ ಕೊಟ್ಟವರ ಪಟ್ಟಿ ಅದು. ಕೊಟ್ಟುದು ದೊಡ್ಡ ಮೊತ್ತವಲ್ಲ. ಆದರೂ ಕೊಟ್ಟವರ ಹೆಸರು ಕಲ್ಲಿಗೇರಿದೆ. ಊರಿಗಾಗಿ, ದನಕರುಗಳಿಗಾಗಿ ಕಾದಾಡಿ ಮಡಿದವರ ವೀರಗಲ್ಲುಗಳೂ ಇದೇ ಜಾತಿಯವು. ಇವುಗಳಲ್ಲಿ ಬಹಳಷ್ಟನ್ನು ಮದ್ರಾಸ್ ಸರ್ಕಾರದ ಶಾಸನತಜ್ಞರು ನಕಲು ತೆಗೆದು, 1939ರಿಂದ ಎರಡು ಭಾಗಗಳಲ್ಲಿ ಹೊರಬಂದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚು ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಮುಂದೆ ಬಳ್ಳಾರಿ ಜಿಲ್ಲೆಯ ಶಾಸನಗಳಿಗೆ ಕನ್ನಡದಲ್ಲೇ ಸಂಪುಟವನ್ನು ತಂದಿತು. ಊರಿನ ಕಲ್ಲು ಊರಿನ ಲಿಪಿಯಲ್ಲಿ ಊರಿನವರಿಗೆ ಸಿಗಲು ಅಷ್ಟು ಕಾಲ ಹಿಡಿಯಿತು.

ಕಂಪನಿಯ ಕಾಲದಲ್ಲಿ ಬರಹದ ರೀತಿ ಬದಲಾಯಿತು. ಕರ್ನಲ್ ಕಾಲಿನ್ ಮೆಕೆಂಜಿಯು ತನ್ನ ಪಂಡಿತ ಸಹಾಯಕರನ್ನು ಊರೂರಿಗೆ ಕಳುಹಿಸಿ, ಶಾನುಭೋಗರಿಂದಲೂ ಪಾಳೆಯಗಾರರ ಮನೆತನಗಳಿಂದಲೂ ಕೈಫಿಯತ್ತುಗಳನ್ನು ಬರೆಸಿಕೊಂಡನು. 1821ರಲ್ಲಿ ಅವನು ಸತ್ತ ಮೇಲೆ ಆ ರಾಶಿಯು ಹಂಚಿಹೋಗಿ, ದಕ್ಷಿಣದ ಭಾಷೆಗಳ ದೊಡ್ಡ ಪಾಲು ಮದ್ರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಸೇರಿತು. ಡಾ. ಎಂ. ಎಂ. ಕಲಬುರ್ಗಿಯವರು ಅವುಗಳಲ್ಲಿನ ಕನ್ನಡ ಸಾಮಗ್ರಿಯನ್ನು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದುದೂ ಕನ್ನಡ ವಿಶ್ವವಿದ್ಯಾಲಯವೇ. ಕೈಫಿಯತ್ತಿನಲ್ಲಿ ಮಾತನಾಡುವವನು ಮನೆತನವುಳ್ಳವನು, ಇನಾಮು ಉಳಿಸಿಕೊಳ್ಳಬೇಕಾದವನು. 1872ರಲ್ಲಿ ಕೆಲ್ಸಾಲ್ ಬರೆದ ಬಳ್ಳಾರಿ ಜಿಲ್ಲಾ ಕೈಪಿಡಿಯಲ್ಲಿಯೂ 1904ರಲ್ಲಿ ಫ್ರಾನ್ಸಿಸ್ ಬರೆದ ಗೆಜೆಟಿಯರಿನಲ್ಲಿಯೂ ರೈತನು ಎಕರೆ ಮತ್ತು ಆಣೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ. 1876ರಿಂದ 1878ರವರೆಗಿನ ಮಹಾಕ್ಷಾಮವು ಈ ಜಿಲ್ಲೆಯನ್ನು ಅತ್ಯಂತ ಕ್ರೂರವಾಗಿ ಬಡಿದುದನ್ನು ಗೆಜೆಟಿಯರಿನ ಪುಟಗಳು ಅಂಕಿಗಳಲ್ಲಿ ಹೇಳುತ್ತವೆ. ಸತ್ತವರ ಹೆಸರು ಅಲ್ಲಿ ಸಿಗುವುದಿಲ್ಲ.

ಕ್ರೈಸ್ತ ದಾಖಲೆಗಳದು ಇನ್ನೂ ದೂರದ ಪ್ರಯಾಣ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆನಿಂತರು; ಸಂಪೂರ್ಣ ಬೈಬಲು ಕನ್ನಡದಲ್ಲಿ ಮೊದಲ ಬಾರಿಗೆ 1831ರಲ್ಲಿ ಬಳ್ಳಾರಿಯಲ್ಲೇ ಅಚ್ಚಾಯಿತು. ಅಲ್ಲಿಂದ ಸುತ್ತಲ ಜಾತ್ರೆಗಳಿಗೂ ಸಂತೆಗಳಿಗೂ ಹೋಗಿ ಬೋಧಿಸಿದವರು ವರ್ಷವರ್ಷವೂ ಲಂಡನ್ನಿಗೆ ಬರೆದ ಪತ್ರಗಳು 1973ರಿಂದ ಲಂಡನ್ ವಿಶ್ವವಿದ್ಯಾಲಯದ ಪ್ರಾಚ್ಯ ಮತ್ತು ಆಫ್ರಿಕನ್ ಅಧ್ಯಯನ ಶಾಲೆಯ ಗ್ರಂಥಾಲಯದಲ್ಲಿವೆ. ಅಲ್ಲಿ ದಕ್ಷಿಣ ಭಾರತದ ಪತ್ರಗಳೊಳಗೆ ನಮ್ಮ ಸೀಮೆಯ ಗುರುತು ‘ಕೆನರೀಸ್’ ಎಂಬ ಒಂದು ಪದ. ತುಂಗಭದ್ರೆಯ ಆಚೆ, ಹಡಗಲಿಗೆ ಎದುರಿನ ಗದಗ ಬೆಟಗೇರಿಯ ಕಡೆ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಛಾಯಾಚಿತ್ರಗಳನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯವು ತನ್ನ ಅಂತರರಾಷ್ಟ್ರೀಯ ಮಿಷನ್ ಛಾಯಾಚಿತ್ರ ಸಂಗ್ರಹದೊಳಗೆ ಎಲ್ಲರಿಗೂ ತೆರೆದಿಟ್ಟಿದೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯವು ಹರ್ಮನ್ ಗುಂಡರ್ಟರ ಸಂಗ್ರಹವನ್ನು ಡಿಜಿಟಲೀಕರಿಸಿ 2018ರಲ್ಲಿ ತೆರೆದಾಗ, ಮಲಯಾಳಂ ಗ್ರಂಥಗಳ ಜೊತೆಗೆ ಮಂಗಳೂರಿನ ಮಿಷನ್ ಮುದ್ರಣಾಲಯದ ಕನ್ನಡ ಪುಸ್ತಕಗಳೂ ಹೊರಬಂದವು. ನಿಘಂಟುಕಾರ ಕಿಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ಕಣ್ಣುಮುಚ್ಚಿದ ಊರೂ ಅದೇ.

ಇವೆಲ್ಲ ‘ಬೇರೆ ಸಭೆಯವರ’ ದಾಖಲೆಗಳೆಂದು ನಮ್ಮ ಕಥೋಲಿಕ ಗುರುಮಠಗಳಲ್ಲಿ ಉದಾಸೀನ ಮಾಡುವ ವಾಡಿಕೆಯೊಂದಿದೆ. ಅದು ಸರಿಯಲ್ಲವೆಂಬುದು ನಮ್ಮ ಖಚಿತ ಅಭಿಪ್ರಾಯ. ಬಳ್ಳಾರಿ ಧರ್ಮಕ್ಷೇತ್ರವು 1949ರಲ್ಲಿ ಸ್ಥಾಪನೆಯಾಗುವುದಕ್ಕೆ ಒಂದು ಶತಮಾನಕ್ಕೂ ಮುಂಚೆ ಈ ಜನರ ನಡುವೆ ಶುಭಸಂದೇಶದ ಮಾತು ಹೇಗೆ ಕೇಳಿಸಿತು, ಯಾರಿಗೆ ಅದು ರುಚಿಸಿತು, ಯಾರು ಕಲ್ಲೆಸೆದರು ಎಂಬುದನ್ನು ತಿಳಿಯಲು ಆ ಪತ್ರಗಳಲ್ಲದೆ ಬೇರೆ ದಾರಿ ಕಡಮೆ.

ಆದರೆ ಆ ಸಂಗ್ರಹಗಳನ್ನು ತೆರೆದು ಕುಳಿತರೆ ಮೊದಲು ಹೇಳಿದ ಎರಡು ಕಪಾಟಿನ ಕಥೆಯೇ ಮರುಕಳಿಸುತ್ತದೆ. ಮಿಷನರಿಯ ಹೆಸರಿದೆ, ಅವನ ಹೆಂಡತಿಯದು ಗಂಡನ ಹೆಸರಿನ ಬಾಲವಾಗಿ ಇದೆ, ದೇಶೀಯನದು ಬಹಳ ಕಡೆ ‘ಉಪದೇಶಿ ಮತ್ತು ಅವನ ಕುಟುಂಬ’ ಎಂದಿದೆ. ಸೆಮಿನರಿಯ ತರಗತಿಗಳ ಚಿತ್ರಗಳೂ ಉಂಟು. ಪಂಚೆಯುಟ್ಟು, ಕೋಟು ತೊಟ್ಟು, ಕ್ಯಾಮರಾದ ಮುಂದೆ ಉಸಿರು ಬಿಗಿಹಿಡಿದು ನಿಂತ ಆ ಯುವಕರು ನಮ್ಮ ವಿದ್ಯಾರ್ಥಿಗಳ ಹಿರಿಯಣ್ಣಂದಿರು. ಅವರು ಯಾರೆಂದು ಹೇಳಬಲ್ಲವರು ಜರ್ಮನಿಯಲ್ಲಿಲ್ಲ. ಇದ್ದರೆ ಧಾರವಾಡ, ಗದಗ, ಮಂಗಳೂರುಗಳ ಯಾವುದೋ ಮನೆಯ ಅಜ್ಜಿಯೊಬ್ಬಳು ಇರಬಹುದು. ಆ ಅಜ್ಜಿಗೆ ಚಿತ್ರ ತಲುಪಿಲ್ಲ, ಚಿತ್ರಕ್ಕೆ ಅಜ್ಜಿ ತಲುಪಿಲ್ಲ. ಭಾಷೆಯ ತೊಡಕೂ ಸೇರಿಕೊಂಡಿದೆ. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಸ್ಕ್ಯಾನ್ ಆದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳ ಶೀರ್ಷಿಕೆಗಳನ್ನು ರೋಮನ್ ಅಕ್ಷರಗಳಲ್ಲಿ ಮನಬಂದಂತೆ ಬರೆದಿರುವುದರಿಂದ, ಪುಸ್ತಕವು ಕೈಯಳತೆಯಲ್ಲಿದ್ದೂ ಹುಡುಕುವವನಿಗೆ ಸಿಗದು. ತಪ್ಪು ಹೆಸರಿನಲ್ಲಿ ಇಟ್ಟದ್ದು ಕಳೆದುಹೋದದ್ದಕ್ಕೆ ಸಮ.

ಈಗ ನಮ್ಮ ಮನೆಯ ಪೆಟ್ಟಿಗೆಗೆ ಬರೋಣ. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹ ಮತ್ತು ಜ್ಞಾನಸ್ನಾನಗಳ ದಾಖಲೆಯನ್ನು ಪ್ರತಿ ಧರ್ಮಕೇಂದ್ರದ ಗುರುವಿನ ಕರ್ತವ್ಯವನ್ನಾಗಿ ಮಾಡಿತು. 1614ರ ರೋಮನ್ ವಿಧಿಗ್ರಂಥವು ಆ ಪುಸ್ತಕಗಳ ಮಾದರಿಯನ್ನು ಗೊತ್ತುಪಡಿಸಿತು. ಈಗಿನ ಶಾಸನಸಂಹಿತೆಯ 535ನೆಯ ನಿಯಮವೂ ಅದನ್ನೇ ಮುಂದುವರಿಸಿ, ಹಳೆಯ ಪುಸ್ತಕಗಳನ್ನು ವಿಶೇಷ ಎಚ್ಚರದಿಂದ ಕಾಯಬೇಕೆನ್ನುತ್ತದೆ. ಹೀಗಾಗಿ ಯಾವ ಕೈಫಿಯತ್ತಿನಲ್ಲೂ ಗೆಜೆಟಿಯರಿನಲ್ಲೂ ಬಾರದವರು ನಮ್ಮ ಪುಸ್ತಕಗಳಲ್ಲಿ ಬಂದಿದ್ದಾರೆ. ಬಗೆಯಾಗಿ ಬಂದವರಲ್ಲ ಇವರು. ಒಬ್ಬೊಬ್ಬರಾಗಿ, ಹೆಸರು, ದಿನ, ಊರು, ತಂದೆ, ತಾಯಿ, ಸಾಕ್ಷಿ ಎಂಬ ಅಂಕಣಗಳೊಳಗೆ ಬಂದವರು. ಹೆಸರು ಲ್ಯಾಟಿನ್ನಿನ ವೇಷ ತೊಟ್ಟಿರಬಹುದು, ಊರಿನ ಹೆಸರನ್ನು ಪರದೇಶಿ ಕಿವಿಯು ವಿಚಿತ್ರವಾಗಿ ಕೇಳಿಸಿಕೊಂಡಿರಬಹುದು. ಆದರೂ ಜಮೀನಿಲ್ಲದ, ಓದು ಬಾರದ ಕೂಲಿಯವಳೊಬ್ಬಳು ಇಂಥ ದಿನ ಇಂಥ ಮಗುವನ್ನು ಎತ್ತಿಕೊಂಡು ಬಂದಳೆಂಬುದಕ್ಕೆ ಆ ಗೆರೆಯೇ ಏಕೈಕ ಬರಹವಾಗಿರುವುದು ಸಾಧ್ಯ. ಕೋಗಳಿಯ ಕಲ್ಲಿನ ಬಳಗಕ್ಕೆ ಸೇರಿದ ಬರಹವಿದು.

ಹಾಗಾದರೆ ಈ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಕೊಟ್ಟುಬಿಡೋಣವೇ? 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಈ ಐದು ತಾಲ್ಲೂಕುಗಳಿಗೆ ನೆರೆಯದು. ಅಲ್ಲಿಯ ಸಂಶೋಧನ ಪ್ರಬಂಧಗಳು ‘ಶೋಧಗಂಗಾ’ ಸಂಗ್ರಹದಲ್ಲಿ ಎಲ್ಲರಿಗೂ ದೊರೆಯುತ್ತವೆ. 2010ರಲ್ಲಿ ಬಳ್ಳಾರಿಯಲ್ಲಿ ಇನ್ನೊಂದು ವಿಶ್ವವಿದ್ಯಾಲಯವೂ ಹುಟ್ಟಿದೆ. ಸಂಶೋಧಕರು ಬಂದು ಕೇಳಿದರೆ ಗುರುಗಳಾದವರು ಏನು ಹೇಳಬೇಕು? ಚರಿತ್ರೆಯ ಮೇಷ್ಟರಾದ ನಮಗೆ ಮೊದಲು ತೋಚುವ ಉತ್ತರ ‘ಕೊಡಿ’ ಎಂಬುದೇ. ಪೋಪ್ ಆರನೆಯ ಪೌಲರು ಧರ್ಮಸಭೆಯ ಪತ್ರಾಗಾರದಲ್ಲಿ ಪ್ರಭುವು ಹಾದುಹೋದ ಗುರುತನ್ನು ಕಂಡರು; 1997ರ ಫೆಬ್ರವರಿ 2ರಂದು ವ್ಯಾಟಿಕನ್ನಿನ ಸಾಂಸ್ಕೃತಿಕ ಸಂಪತ್ತಿನ ಆಯೋಗವು ಹೊರಡಿಸಿದ ಪರಿಪತ್ರವು ಪತ್ರಾಗಾರಗಳನ್ನು ಪಾಲನಾಸೇವೆಯ ಅಂಗವೆಂದೇ ಪರಿಗಣಿಸಿ, ಅವು ಸಂಶೋಧಕರಿಗೆ ದೊರೆಯಬೇಕೆಂದು ಬಯಸಿತು. ಆದರೆ 2008ರ ಏಪ್ರಿಲಿನಲ್ಲಿ ಗುರುಗಳ ಪವಿತ್ರ ಆಯೋಗವು, ಜ್ಞಾನಸ್ನಾನದ ಪುಸ್ತಕಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘಕ್ಕೆ ನಕಲಿಗಾಗಿ ಕೊಡಬಾರದೆಂದು ಧರ್ಮಾಧ್ಯಕ್ಷರಿಗೆ ತಿಳಿಸಿತು. ಅಲ್ಲಿಯ ಮಾರ್ಮನ್ ಸಭೆಯವರು ಸತ್ತವರ ಹೆಸರಿನಲ್ಲಿ ಸ್ನಾನ ನೀಡುತ್ತಾರೆಂಬುದು ಅದರ ಕಾರಣ. ನಮ್ಮ ಸೀಮೆಯ ಭಯ ಅದಲ್ಲ.

ನಮ್ಮಲ್ಲಿನ ಭಯಕ್ಕೆ ಸಂವಿಧಾನದ 1950ರ ಪರಿಶಿಷ್ಟ ಜಾತಿಗಳ ಆದೇಶವು ಮೂಲ. ಆ ಆದೇಶದ 3ನೆಯ ಕಂಡಿಕೆಯು ಮೊದಲು ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನವನ್ನು ಒಪ್ಪುತ್ತದೆ. ದಲಿತ ಕ್ರೈಸ್ತನು ಊರಿನ ಕಣ್ಣಿಗೆ ಕೇರಿಯವನಾಗಿಯೇ ಉಳಿದು, ಕಾಗದದ ಕಣ್ಣಿಗೆ ಮಾತ್ರ ಅಲ್ಲದವನಾಗುತ್ತಾನೆ. 2024ರ ನವೆಂಬರಿನಲ್ಲಿ ಪುದುಚೇರಿಯ ಪ್ರಕರಣವೊಂದನ್ನು ತೀರ್ಮಾನಿಸುವಾಗ ಸರ್ವೋಚ್ಚ ನ್ಯಾಯಾಲಯವು, ಅರ್ಜಿದಾರಳಿಗೆ ಎಳೆತನದಲ್ಲೇ ಜ್ಞಾನಸ್ನಾನವಾಗಿತ್ತೆಂಬ ದಾಖಲೆಯನ್ನೂ ಗಣನೆಗೆ ತೆಗೆದುಕೊಂಡು, ಆಕೆಗೆ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ನಿರಾಕರಿಸಿದುದನ್ನು ಸರಿಯೆಂದಿತು. ಆ ಕಾನೂನಿನ ನ್ಯಾಯಾನ್ಯಾಯವನ್ನು ಇಲ್ಲಿ ಚರ್ಚಿಸುವುದಿಲ್ಲ. ದಲಿತ ಕ್ರೈಸ್ತರಿಗೆ ಅನ್ಯಾಯವಾಗಿದೆ ಎಂಬ ನಮ್ಮ ನಿಲುವು ಓದುಗರಿಗೆ ತಿಳಿದದ್ದೇ. ಇಲ್ಲಿ ಹೇಳಬೇಕಾದ ಸಂಗತಿ ಇಷ್ಟು: ಜ್ಞಾನಸ್ನಾನದ ಪುಸ್ತಕದ ಒಂದು ಗೆರೆಯು ಇಂದು ಹುಡುಗಿಯೊಬ್ಬಳ ವಿದ್ಯಾರ್ಥಿವೇತನವನ್ನೋ ಹುಡುಗನೊಬ್ಬನ ನೌಕರಿಯನ್ನೋ ಕಸಿಯಬಲ್ಲದು. ಅಜ್ಜಿಯ ಕೃಪೆಯ ದಿನವು ಮೊಮ್ಮಗಳಿಗೆ ಆಪಾದನೆಯ ಪುರಾವೆಯಾಗುತ್ತದೆ. ಹೆಸರು ಟೈಪು ಮಾಡಿದ ಕ್ಷಣದಲ್ಲಿ ಎದುರು ಬಂದು ನಿಲ್ಲುವ ಡಿಜಿಟಲ್ ಪಟ್ಟಿಯು, ಬೀಗ ಹಾಕಿದ ಬೀರುವಿನಲ್ಲಿದ್ದ ಪುಸ್ತಕಕ್ಕಿಂತ ಈ ಕೆಲಸವನ್ನು ಬಹು ಸುಲಭ ಮಾಡಿಕೊಡುತ್ತದೆ.

ಇನ್ನೊಂದು ಅಂಕಣವಿದೆ, ಅದು ತಂದೆಯದು. ಈ ತಾಲ್ಲೂಕುಗಳು ದೇವದಾಸಿ ಪದ್ಧತಿಯ ನೋವನ್ನು ಬಲ್ಲವು. ಉಚ್ಚಂಗಿದುರ್ಗದ ಹೆಸರನ್ನು ಈ ಪ್ರಸ್ತಾಪವಿಲ್ಲದೆ ಎತ್ತುವವರು ವಿರಳ. ಮದ್ರಾಸ್ ಪ್ರಾಂತವು 1947ರಲ್ಲಿ ತಂದ ನಿಷೇಧದ ಕಾಯಿದೆಯು ಆಗ ಮದ್ರಾಸಿಗೇ ಸೇರಿದ್ದ ಈ ಸೀಮೆಗೂ ಅನ್ವಯಿಸುತ್ತಿತ್ತು. ಕರ್ನಾಟಕವು 1982ರಲ್ಲಿ ಮತ್ತೆ ಕಾಯಿದೆ ಮಾಡಬೇಕಾಯಿತೆಂಬುದೇ ಮೊದಲಿನದರ ಕಥೆಯನ್ನು ಹೇಳುತ್ತದೆ. ಮುತ್ತು ಕಟ್ಟಿಸಿಕೊಂಡವರ ಮಕ್ಕಳಿಗೆ ಶಾಲೆಯ ಅರ್ಜಿಯಿಂದ ಮದುವೆಯ ಮಾತುಕತೆಯವರೆಗೆ ಎದುರಾಗುವುದು ತಂದೆಯ ಹೆಸರಿನ ಖಾಲಿ ಜಾಗ. ಹಳೆಯ ಲ್ಯಾಟಿನ್ ಪುಸ್ತಕಗಳಲ್ಲಿ ಆ ಜಾಗಕ್ಕೆ ಒಂದು ಸಿದ್ಧ ಶಬ್ದವಿರುತ್ತಿತ್ತು: ‘ಇಗ್ನೋಟುಸ್’, ಅಂದರೆ ತಿಳಿಯದವನು. ಊರಿಗೆಲ್ಲ ತಿಳಿದಿದ್ದವನನ್ನು ಪುಸ್ತಕ ಮಾತ್ರ ಹಾಗೆ ಕರೆಯುತ್ತಿತ್ತು. ಈಗಿನ ಸಂಹಿತೆಯ 877ನೆಯ ನಿಯಮದ 2ನೆಯ ಪರಿಚ್ಛೇದವು ಹೆಚ್ಚು ಸೂಕ್ಷ್ಮವಾಗಿದೆ. ಅವಿವಾಹಿತ ತಾಯಿಯ ಹೆಸರನ್ನು ಬರೆಯಬೇಕಾದುದು ಆಕೆಯ ತಾಯ್ತನವು ಬಹಿರಂಗವಾಗಿ ಸಿದ್ಧವಾಗಿರುವಾಗ, ಇಲ್ಲವೇ ಆಕೆಯು ಲಿಖಿತವಾಗಿಯೋ ಇಬ್ಬರು ಸಾಕ್ಷಿಗಳ ಮುಂದೆಯೋ ತಾನಾಗಿ ಕೇಳಿಕೊಂಡಾಗ. ಅಂದರೆ ಧರ್ಮಸಭೆಯ ಶಾಸನವು ಬರೆಯುವ ಗಳಿಗೆಯಲ್ಲೇ ಆ ತಾಯಿಯ ಇಚ್ಛೆಗೆ ಸ್ಥಾನ ಕೊಟ್ಟಿದೆ. ಬರೆಯಲು ಆಕೆಯ ಒಪ್ಪಿಗೆ ಬೇಕಾದರೆ, ಬರೆದುದನ್ನು ಜಗತ್ತಿಗೆ ತೆರೆದಿಡಲು ಯಾರ ಒಪ್ಪಿಗೆಯೂ ಬೇಡವೇ?

ಪಟ್ಟಿಗಳ ಈ ಸಂಕಟವು ಪವಿತ್ರ ಗ್ರಂಥಕ್ಕೆ ಅಪರಿಚಿತವಲ್ಲ. ಎಜ್ರನ ಗ್ರಂಥದ 2ನೆಯ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹಾರಿಸಿ ಓದುತ್ತಾರೆ. ಹೆಸರುಗಳ ಆ ಕಾಡನ್ನು ಹೊಕ್ಕವರು ಕಡಮೆ. ಬಾಬಿಲೋನಿನಿಂದ ಮರಳಿದವರಲ್ಲಿ ಕೆಲವರಿಗೆ ತಾವು ಇಸ್ರಯೇಲರೆಂದು ತೋರಿಸಲಾಗಲಿಲ್ಲ. ಅವರ ಸಂಖ್ಯೆ ಅಲ್ಲಿ 652. ಅದೇ ಪಟ್ಟಿಯು ನೆಹೆಮೀಯನ 7ನೆಯ ಅಧ್ಯಾಯದಲ್ಲಿ ಮತ್ತೆ ಬರುವಾಗ 642. ದೈವಪ್ರೇರಿತ ಗ್ರಂಥದ ಎರಡು ಪ್ರತಿಗಳೇ ಹತ್ತು ಜನರ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲವೆಂಬುದನ್ನು ದಾಖಲೆಯ ಮೇಲೆ ಅತಿಯಾದ ಭರವಸೆಯಿಡುವವರು ನೆನೆಯಬೇಕು. ಅವರ ಬಳಿಕ ಯಾಜಕರ ಸರದಿ. ಹಬಯ್ಯ, ಹಕ್ಕೋಚ್, ಬರ್ಜಿಲ್ಲೈ ಮನೆತನದವರು ವಂಶಾವಳಿಯಲ್ಲಿ ತಮ್ಮ ಹೆಸರನ್ನು ಹುಡುಕಿದರು, ಸಿಗಲಿಲ್ಲ. ಆದ್ದರಿಂದ ಅವರು ಅಶುದ್ಧರೆಂದು ಯಾಜಕತ್ವದಿಂದ ಹೊರಗುಳಿದರು, 1950ರ ಆದೇಶದ 3ನೆಯ ಕಂಡಿಕೆಯು ನಮ್ಮವರನ್ನು ಹೊರಗಿಡುವ ರೀತಿಯಲ್ಲೇ. ಅಷ್ಟಕ್ಕೇ ಓದು ನಿಲ್ಲಿಸಿದರೆ ಪಟ್ಟಿಯೇ ಗೆದ್ದಿತು. ಆದರೆ ನೆಹೆಮೀಯನ 3ನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಪೌಳಿಗೋಡೆಯನ್ನು ಕಟ್ಟಿದವರ ನಡುವೆ ಹಕ್ಕೋಚನ ಮೊಮ್ಮಗ ಮೆರೇಮೋತನು ಎರಡು ಬಾರಿ ಕಾಣಿಸಿಕೊಳ್ಳುತ್ತಾನೆ. ಉರೀಯನ ಮಗನಾದ ಯಾಜಕ ಮೆರೇಮೋತನೆಂಬವನಿಗೆ ದೇವಾಲಯದ ಬೆಳ್ಳಿಬಂಗಾರವನ್ನು ತೂಗಿ ಒಪ್ಪಿಸಿದರೆಂದು ಎಜ್ರನ 8ನೆಯ ಅಧ್ಯಾಯವು ಹೇಳುತ್ತದೆ. ಇಬ್ಬರೂ ಒಬ್ಬನೇ ಎಂದು ವ್ಯಾಖ್ಯಾನಕಾರರಲ್ಲಿ ಹಲವರು ಎಣಿಸುತ್ತಾರೆ. ಒಂದು ಕಾಗದದಲ್ಲಿ ಸಿಗದ ಮನೆತನವು ಇನ್ನೊಂದು ಕಾಗದದಲ್ಲಿ, ಗಾರೆ ಕಲಸುವವರ ಪಟ್ಟಿಯಲ್ಲಿ, ಸಿಗುತ್ತದೆ.

ಸಂತ ಮತ್ತಾಯನ ವಂಶಾವಳಿಯದು ಬೇರೊಂದು ದಾರಿ. ತಾಮಾರ್, ರಾಹಾಬ್, ರೂತ್ ಎಂಬ ಹೆಸರುಗಳನ್ನು ಬರೆದ ಲೇಖನಿಯು ಸೊಲೊಮೋನನ ತಾಯಿಯ ಬಳಿಗೆ ಬಂದಾಗ ಹೆಸರನ್ನು ಬಿಟ್ಟು, ಆಕೆಯು ಉರೀಯನ ಹೆಂಡತಿಯಾಗಿದ್ದವಳೆಂದು ಮಾತ್ರ ಗುರುತಿಸುತ್ತದೆ. ಬೆತ್ಷೆಬೆಯ ಹೆಸರು ಶುಭಸಂದೇಶಕಾರನಿಗೆ ತಿಳಿಯದುದೇನಲ್ಲ. ಕೊಲೆಯಾದ ಗಂಡನ ಹೆಸರನ್ನು ಅಲ್ಲಿ ನಿಲ್ಲಿಸಿ ಅವನು ದಾವೀದನ ಪಾಪವನ್ನು ದಾಖಲಿಸಿದ್ದಾನೆಂದು ಕೆಲವರ ವ್ಯಾಖ್ಯಾನ. ಆಕೆಯ ಹೆಸರು ಮಾತ್ರ ಹೋಯಿತು ಎಂಬುದು ಇನ್ನು ಕೆಲವರ ದೂರು. ಎರಡೂ ನಿಜವೆಂದು ನಮಗೆ ತೋರುತ್ತದೆ. ಯಾರನ್ನು ಹೆಸರಿನಿಂದ ಕರೆಯಬೇಕು, ಯಾರ ಹೆಸರನ್ನು ಮರೆಯಲ್ಲಿಡಬೇಕು ಎಂಬ ತೀರ್ಮಾನವನ್ನು ಯಂತ್ರದ ಅಂಕಣಕ್ಕೆ ಬಿಡಲಾಗದು; ಬರೆಯುವವನು ಒಂದೊಂದು ಹೆಸರಿಗೂ ನಿಂತು ಯೋಚಿಸಬೇಕಾಗುತ್ತದೆ.

ಆದುದರಿಂದ ನಮ್ಮ ಸಲಹೆ ಹೀಗೆ. ಬಹಳ ಹಳೆಯ ಪುಸ್ತಕಗಳನ್ನು, ಅಂದರೆ ಅದರಲ್ಲಿನ ಶಿಶುವಿನ ಆಯುಷ್ಯವು ನೂರು ವರ್ಷವೆಂದು ಎಣಿಸಿದರೂ ಮುಗಿದಿರುವಂಥವನ್ನು, ಧರ್ಮಾಧ್ಯಕ್ಷರ ಅನುಮತಿಯಿಂದ ಸ್ಕ್ಯಾನ್ ಮಾಡಿಸಬೇಕು. ಕಬ್ಬಿಣದ ಶಾಯಿಯು ಕಾಗದವನ್ನು ತಿನ್ನುತ್ತಿದೆ, ಗೆದ್ದಲು ಕಾಯುವುದಿಲ್ಲ. ಇದರಲ್ಲಿ ತಡ ಸಲ್ಲದು. ಆ ಚಿತ್ರಗಳ ಒಂದು ಪ್ರತಿಯು ಧರ್ಮಕ್ಷೇತ್ರದಲ್ಲಿ, ಒಂದು ವಿಶ್ವವಿದ್ಯಾಲಯದಲ್ಲಿ ಇರಲಿ. ಆದರೆ ಹೆಸರು ಹಾಕಿ ಹುಡುಕುವ ಸೌಲಭ್ಯವು ಸಾರ್ವಜನಿಕವಾಗಿ ಬೇಡ. ಊರು, ವರ್ಷ, ಕ್ಷಾಮ, ಕಾಲರಾಗಳ ಅಧ್ಯಯನಕ್ಕೆ ಬೇಕಾದ ಎಣಿಕೆಗಳನ್ನು ಸಂಶೋಧಕರು ಧಾರಾಳವಾಗಿ ಪಡೆಯಲಿ. ತನ್ನ ಹಿರಿಯರನ್ನು ಹುಡುಕಿ ಬಂದ ಮೊಮ್ಮಗಳಿಗೆ ಪುಸ್ತಕವನ್ನೇ ತೆರೆದು ತೋರಿಸಲಿ; ಅದು ಆಕೆಯ ಸ್ವತ್ತು. ತಾಯಿ ಮಾತ್ರ ಇರುವ ಗೆರೆಗಳನ್ನು ಎಷ್ಟು ಹಳೆಯವಾದರೂ ಸಾರ್ವಜನಿಕ ಪ್ರತಿಯಲ್ಲಿ ಮುಚ್ಚಬೇಕೆಂದು ನಾವು ಹೇಳುತ್ತೇವೆ. ಇತಿಹಾಸಕಾರ ಮಿತ್ರರು ಇದನ್ನು ಒಪ್ಪದೆ, ಹೀಗೆ ಮುಚ್ಚುವುದೂ ಒಂದು ಅಳಿಸುವಿಕೆಯೇ ಎಂದು ವಾದಿಸುತ್ತಾರೆ. ಅವರ ವಾದಕ್ಕೆ ಬಲವಿದೆ. ಆದರೂ ಕೂಡ್ಲಿಗಿಯ ಒಂದು ಓಣಿಯಲ್ಲಿ ಬದುಕಬೇಕಾದವರು ಅವರಲ್ಲ.

ಕೊಡುವುದಕ್ಕಿಂತ ತರುವ ಕೆಲಸವೇ ಹೆಚ್ಚಿದೆ. ಲಂಡನ್, ಟ್ಯೂಬಿಂಗೆನ್, ಕ್ಯಾಲಿಫೋರ್ನಿಯಾಗಳ ಸಂಗ್ರಹಗಳಲ್ಲಿನ ನಮ್ಮ ಭಾಗದ ಪತ್ರಗಳಿಗೂ ಚಿತ್ರಗಳಿಗೂ ಕನ್ನಡದಲ್ಲಿ ಸೂಚಿ ಮಾಡುವುದು ದೈವಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ಪ್ರಬಂಧವಾಗಬಲ್ಲದು; ವಿದೇಶ ಪ್ರವಾಸ ಬೇಡ, ಇಂಗ್ಲಿಷಿನ ಜೊತೆಗೆ ತಾಳ್ಮೆ ಬೇಕು. ಸಿಕ್ಕ ಚಿತ್ರಗಳನ್ನು ಮುದ್ರಿಸಿ ಜಾತ್ರೆಯ ದಿನ ಊರಿಗೆ ಒಯ್ಯಬೇಕು. ಕೊಟ್ಟೂರಿನ ತೇರಿಗೆ ಬಂದವರಲ್ಲಿ ಹಳೆಯ ತೇರಿನ ಚಿತ್ರವನ್ನು ನೋಡಿ, ಹಗ್ಗ ಹಿಡಿದವರ ಮನೆತನವನ್ನು ಹೇಳಬಲ್ಲವರು ಇದ್ದೇ ಇರುತ್ತಾರೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವು ಒಂದೇ ಒಂದು ಮಾತು. ಲಕ್ಷಾಂತರ ಜನ ಅದನ್ನು ಕೇಳಿ, ಹೊತ್ತುಕೊಂಡು, ಮಳೆಬೆಳೆಯ ಅರ್ಥ ಹಚ್ಚುತ್ತ ಊರಿಗೆ ಮರಳುತ್ತಾರೆ. ನೆನಪನ್ನು ಕಾಗದವಿಲ್ಲದೆ ಹೊರಬಲ್ಲ ಇಂಥ ಜನರನ್ನು ವಿವರಣೆ ಬರೆಯುವ ಕೆಲಸಕ್ಕೆ ಸೇರಿಸಿಕೊಳ್ಳದ ಸಂಗ್ರಹವು ಎಷ್ಟು ದೊಡ್ಡದಾದರೂ ಅರೆಯೇ.

ಗುರುಮಠದ ಸ್ವಂತ ಕಪಾಟಿನ ವಿಷಯ ಉಳಿಯಿತು. ನಮ್ಮ ಗುರುಮಠಗಳ ಊಟದ ಮನೆಯ ಗೋಡೆಗಳಲ್ಲಿ ವರ್ಷಕ್ಕೊಂದರಂತೆ ಗುಂಪುಚಿತ್ರಗಳು ತೂಗುತ್ತವೆ. ರೆಕ್ಟರರು ನಡುವೆ, ಪ್ರಾಧ್ಯಾಪಕರು ಅಕ್ಕಪಕ್ಕ, ವಿದ್ಯಾರ್ಥಿಗಳು ಹಿಂದೆ ಮೂರು ಸಾಲು. ಕೆಳಗೆ ಎಲ್ಲರ ಹೆಸರು. ಹಲವು ಚಿತ್ರಗಳಲ್ಲಿ ಒಂದು ಅಂಚಿಗೆ, ಸೆರಗು ತಲೆಗೆಳೆದುಕೊಂಡ ಇಬ್ಬರು ಮೂವರು ಹೆಂಗಸರೂ, ಹೆಗಲ ಮೇಲೆ ಟವೆಲು ಹಾಕಿಕೊಂಡ ಒಬ್ಬ ಗಂಡಸೂ ನಿಂತಿರುತ್ತಾರೆ. ಅಡುಗೆಯವರು, ತೋಟದವರು. ಹೆಸರುಗಳ ಸಾಲು ಅವರ ಕಾಲಬುಡಕ್ಕೆ ಬರುವ ಮುನ್ನವೇ ಮುಗಿದಿರುತ್ತದೆ. ಈ ಚಿತ್ರಗಳನ್ನೂ ಒಂದು ದಿನ ಯಾರಾದರೂ ಸ್ಕ್ಯಾನ್ ಮಾಡುತ್ತಾರೆ, ಇದ್ದ ಹೆಸರುಗಳನ್ನು ಇದ್ದಂತೆ ಟೈಪು ಮಾಡುತ್ತಾರೆ. 1980ರ ನಂತರದ ಚಿತ್ರಗಳಲ್ಲಿರುವ ಆ ಹೆಂಗಸರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಗುರುಮಠದ ಹಿಂದಿನ ಬೀದಿಯಲ್ಲೇ ಇದ್ದಾರೆ. ಈ ವರ್ಷ ಧರ್ಮಸಭೆಯ ಚರಿತ್ರೆಯ ತರಗತಿಯವರು ಪೆನ್ಸಿಲು ಹಿಡಿದು ಮೊದಲು ಅವರ ಮನೆಗಳಿಗೆ ಹೋಗಲಿದ್ದಾರೆ.